ಸಪ್ಟೆಂಬರಿಗೆ ಬರತೈತಂತ

ಕುಂದಾಗೆ ಮೊದಲು ಕೇಳದಾದದ್ದು ಹುಡುಗಿಯರ ದನಿ. ಗಂಡಸರು ಮಾತಾಡಿದರೆ ಕೇಳುತ್ತಿತ್ತು. ಬಸ್ಸಿನ ಹಾರ್ನು, ತಗಡಿನ ಮೇಲಿನ ಮಳೆ, ಓಣಿಯ ನಾಯಿ ಎಲ್ಲ ಕೇಳುತ್ತಿದ್ದವು. ಆದರೆ ಖಾನಾಪುರದ ಪಿಯು ಕಾಲೇಜಿನ ತನ್ನ ಕ್ಲಾಸಿನಲ್ಲಿ ಹುಡುಗಿಯೊಬ್ಬಳು ಎದ್ದು ನಿಂತು ಏನಾದರೂ ಕೇಳಿದರೆ, ತುಟಿ ಅಲುಗುವುದು ಕಾಣುತ್ತಿತ್ತು, ಮಾತು ಮಾತ್ರ ಕಲಸಿಕೊಂಡು ಬರುತ್ತಿತ್ತು. ಕುಂದಾ ಅಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದಳು. ಬೆಳಗಾವಿಯ ಶಿವಬಸವ ನಗರದ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ಐವತ್ತು ದಾಟಿದ ಮೇಲೆ ಹೀಗೆ ಶುರುವಾಯಿತು. ಮೊದಮೊದಲು ಹುಡುಗಿಯರೇ ಬಾಯೊಳಗೆ ಮಾತಾಡುತ್ತಾರೆ ಎಂದು ಸಿಟ್ಟು ಮಾಡಿಕೊಂಡಳು. ಆಮೇಲೆ ಸಿಟ್ಟು ಬಿಟ್ಟು ನಗುವುದನ್ನು ಕಲಿತಳು. ಯಾರು ಏನೇ ಕೇಳಿದರೂ ನಕ್ಕು, ತಲೆಯಾಡಿಸಿ, "ಹೂಂ, ಛಲೋ ಐತಿ" ಎಂದರೆ ಮುಕ್ಕಾಲು ಪಾಲು ಮಾತು ಸಾಗಿಹೋಗುತ್ತಿತ್ತು.

ಗಂಡ ಮಾರ್ತಾಂಡನೇ ಒತ್ತಾಯ ಮಾಡಿ ಕಿವಿ ಪರೀಕ್ಷೆಗೆ ಆಸ್ಪತ್ರೆಗೆ ಕರೆದುಕೊಂಡು ಹೋದ. ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಸಪ್ಪಳ ಕೊಟ್ಟು, ಪರೀಕ್ಷೆ ಮಾಡುವ ಹೆಣ್ಣುಮಗಳು ಎರಡೂ ಕಿವಿಯ ನರ ಸೋತಿವೆ ಎಂದಳು. ಔಷಧವಿಲ್ಲ, ಆಪರೇಶನ್ನೂ ಇಲ್ಲ, ಕಿವಿಗೆ ಯಂತ್ರ ಹಾಕಿಕೊಳ್ಳಬೇಕು. ಮಾರ್ತಾಂಡ ಎಷ್ಟು ದಿವಸ ತಡೆಯಬಹುದು ಎಂದು ಕೇಳಿದ.

"ತಡಾ ಮಾಡಬ್ಯಾಡ್ರಿ ಸರ್," ಎಂದಳು ಆಕೆ. "ಮಾತು ಕಿವಿಗೆ ಬೀಳದಿದ್ರ ಅದನ್ನ ಗುರುತು ಹಿಡಿಯೂದನ್ನ ಮಿದುಳು ಮರೀತೈತಿ. ಆಮ್ಯಾಲೆ ಯಂತ್ರ ಹಾಕಿದ್ರ ಸಪ್ಪಳ ಬರತೈತಿ, ಮಾತು ಬರೂದಿಲ್ಲ."

ಮಾದರಿಗೆಂದು ಒಂದು ಯಂತ್ರವನ್ನು ಕುಂದಾಳ ಕಿವಿಯ ಹಿಂದೆ ಸಿಕ್ಕಿಸಿ ಕನ್ನಡಿ ಹಿಡಿದರು. ಮೈಬಣ್ಣದ್ದು, ಹುಣಸೆಬೀಜದಷ್ಟು. ಅದರಿಂದ ಒಂದು ಎಳೆ ಕಿವಿಯೊಳಗೆ ಇಳಿದಿತ್ತು. ಕುಂದಾ ತುರುಬು ಕಟ್ಟುವವಳು, ಕಿವಿ ಬೈಲಿಗೇ ಇರುತ್ತಿದ್ದವು. ಕ್ಲಾಸಿನ ಅಷ್ಟೂ ಕಣ್ಣು ಆ ಹುಣಸೆಬೀಜದ ಮೇಲೆ ಬೀಳುವುದನ್ನು ಅವಳು ಕನ್ನಡಿಯಲ್ಲೇ ಕಂಡಳು. ಇಚಾರ ಮಾಡಿ ಬರುತ್ತೇವೆ ಎಂದು ಇಬ್ಬರೂ ಎದ್ದರು.

ಮಾರ್ತಾಂಡ ಒಂದು ವಿಮಾ ಕಚೇರಿಯಲ್ಲಿದ್ದ. ಏನಾದರೂ ಕೊಳ್ಳುವುದಿದ್ದರೆ ಆ ಕಚೇರಿಯವರೆಲ್ಲ ಅವನನ್ನು ಕೇಳದೆ ಕೊಳ್ಳುತ್ತಿರಲಿಲ್ಲ. ಹಿಂದೊಮ್ಮೆ ನಾಲ್ಕಾರು ಜನ ಸೇರಿ ಒಂದೇ ತರಹದ ಫೋನು ಕೊಳ್ಳಲು ಹೊರಟಾಗ, ನಿಲ್ಲಿರಿ, ಹೊಸದು ಬರುತ್ತದಂತೆ, ಇದರ ಬೆಲೆ ಇಳಿಯುತ್ತದೆ ಎಂದು ಇವನು ತಡೆದಿದ್ದ. ಹಾಗೇ ಆಗಿತ್ತು. ಅಂದಿನಿಂದ ಅವನ ಮಾತಿಗೆ ಬಂದ ಬೆಲೆ ಅವನ ತಲೆಗೂ ಏರಿತ್ತು. ಬೆಳಗಿನ ಚಹದ ಜೊತೆ ಅವನಿಗೆ ವಿಡಿಯೋ ಬೇಕು. ಯಾವುದೋ ಕಾರ್ಖಾನೆಯಿಂದ ಹೊರಬಿದ್ದ ಫೋಟೋ, ಯಾರೋ ಕದ್ದು ತೋರಿಸಿದ ಡಬ್ಬಿ, ಮುಂದಿನ ವರ್ಷ ಏನು ಬರುತ್ತದೆ ಎಂದು ಬಲ್ಲೆನೆನ್ನುವ ಹುಡುಗರ ಮಾತು. "ಲೀಕ್ ಆಗೇತಿ" ಎನ್ನುವಾಗ ಅವನ ಮುಖ ಅರಳುತ್ತಿತ್ತು. ಕೊಂಡವರು ಮೋಸ ಹೋದವರು, ಕಾದವರು ಜಾಣರು. ಮನೆಯ ಟಿವಿಯ ಒಂದು ಮೂಲೆ ಹಸಿರಾಗಿ ಕಾಣಲು ಶುರುವಾಗಿ ಬಹಳ ಕಾಲವಾಗಿತ್ತು. ಅದಕ್ಕಿಂತ ಒಳ್ಳೆಯದೊಂದು ಬರುವುದಿತ್ತು, ಇನ್ನೂ ಬಂದಿರಲಿಲ್ಲ.

ಆಸ್ಪತ್ರೆಯಿಂದ ಬರುವಾಗ ದಾರಿಯಲ್ಲಿ ಚಹಕ್ಕೆ ನಿಂತರು. ಮಾರ್ತಾಂಡನ ದನಿ ದಪ್ಪ, ಕುಂದಾಗೆ ಸರಿಯಾಗಿ ಕೇಳುತ್ತಿತ್ತು.

"ಇದನ್ನ ತಗೊಳ್ಳೂದು ಬ್ಯಾಡ ಕುಂದಾ," ಎಂದ. "ಹುಡುಗ್ರು ಹಾಡು ಕೇಳಾಕ ಕಿವ್ಯಾಗ ಬಿಳೇವು ಹಾಕ್ಕೊಂಡಿರ್ತಾರಲ್ಲ, ಅದರಾಗ ಈ ಯಂತ್ರಾನೂ ಕೂಡಿಸಿ ಬಿಡಾಕತ್ತಾರಂತ. ಸಪ್ಟೆಂಬರಿಗೆ ಬರತೈತಂತ. ನೀ ಹಾಕ್ಕೊಂಡ್ರ ಮೇಡಂ ಹಾಡು ಕೇಳಾಕತ್ತಾರ ಅಂದ್ಕೋತಾರ, ಕಿವುಡಿ ಅಂತ ಯಾರಿಗೂ ಗೊತ್ತಾಗೂದಿಲ್ಲ."

ಕುಂದಾ ನಕ್ಕಳು. ಬಹಳ ದಿನದ ಮೇಲೆ ಬಂದ ಖರೇ ನಗು. ರೊಕ್ಕದ ಮಾತು ಅಲ್ಲಿ ಬರಲೇ ಇಲ್ಲ. ಇಬ್ಬರಿಗೂ ಪಗಾರವಿತ್ತು, ಮಗಳು ಕೇತಕಿ ಮದುವೆಯಾಗಿ ಕೊಲ್ಹಾಪುರ ಸೇರಿದ್ದಳು. ಯಂತ್ರವನ್ನು ಅವತ್ತೇ ಕೊಂಡು ಬರಬಹುದಿತ್ತು. ಆದರೆ ಕುಂದಾಗೆ ಒಂದು ನೆವ ಬೇಕಾಗಿತ್ತು, ಗಂಡ ಅದನ್ನು ಕೈಯಲ್ಲಿಟ್ಟ.

ಸಪ್ಟೆಂಬರ್ ಬಂತು. ಬಿಳಿಯವು ಬಂದವು, ಅವುಗಳಲ್ಲಿ ಆ ಯಂತ್ರ ಇರಲಿಲ್ಲ. ಹೊಸ ವರ್ಷದೊಳಗೆ ಆ ಸೌಲಭ್ಯವನ್ನು ಫೋನಿನ ಮೂಲಕವೇ ಬಿಳಿಯವುಗಳೊಳಗೆ ಇಳಿಸುತ್ತಾರಂತೆ ಎಂದ ಮಾರ್ತಾಂಡ. ಹೊಸ ವರ್ಷ ಬಂದಾಗ ಬೇರೆ ದೇಶಗಳಲ್ಲಿ ಬಂದಿದೆ, ನಮ್ಮಲ್ಲಿ ಸರಕಾರದ ಪರವಾನಗಿ ಸಿಕ್ಕಿಲ್ಲ ಎಂದ. ಆಮೇಲೆ ಇನ್ನೊಂದು ಕಂಪನಿಯ ಹೆಸರು ಹೇಳಿದ. ಅದರ ಫೋಟೋ ಲೀಕ್ ಆಗಿತ್ತು, ಅದು ಯುಗಾದಿಗೆ ಬರುವುದಿತ್ತು. ಯುಗಾದಿ ಹೋಯಿತು. ಮತ್ತೆ ಮೊದಲಿನ ಕಂಪನಿಯ ಮುಂದಿನ ಸಪ್ಟೆಂಬರಿಗೇ ಮಾತು ಬಂದು ನಿಂತಿತು, ಆ ಸಪ್ಟೆಂಬರೂ ಬರಿಗೈಯಲ್ಲಿ ಹೋಯಿತು. ಪ್ರತಿ ಸಲವೂ ಅವನು ಹೇಳುವಾಗ ಆ ವಸ್ತು ಓಣಿಯ ಮೂಲೆಗೆ ಬಂದು ನಿಂತಿದೆ ಎನ್ನುವ ಹಾಗೆ ಹೇಳುತ್ತಿದ್ದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಪ್ರತಿ ಸಲವೂ ನಂಬಿಯೇ ಹೇಳುತ್ತಿದ್ದ.

ಈ ನಡುವೆ ಕುಂದಾ ಸ್ಟಾಫ್ ರೂಮಿಗೆ ಹೋಗುವುದನ್ನು ಬಿಟ್ಟಳು. ಕೇತಕಿಯ ಫೋನು ಬಂದರೆ ಮಾರ್ತಾಂಡನೇ ಎತ್ತಿ, ಮಗಳು ಹೇಳಿದ್ದನ್ನು ತನ್ನ ದನಿಯಲ್ಲಿ ತಿರುಗಿ ಹೇಳುತ್ತಿದ್ದ. ಮಗಳ ಮಾತು ಗಂಡನ ಬಾಯಲ್ಲಿ ಕೇಳಿ ಕೇಳಿ, ಅವಳ ದನಿ ಹೇಗಿತ್ತು ಎನ್ನುವುದೇ ಕುಂದಾಗೆ ಮಸುಕಾಗುತ್ತ ಬಂತು. ಕ್ಲಾಸಿನಲ್ಲಿ ಗಂಟೆ ಹೊಡೆಯುವ ತನಕ ತಾನೊಬ್ಬಳೇ ಮಾತಾಡುತ್ತಿದ್ದಳು. ತಾನು ಮಾತಾಡುತ್ತಿದ್ದರೆ ಬೇರೆಯವರ ಮಾತು ಕೇಳಿಸಿಕೊಳ್ಳುವ ಪ್ರಸಂಗ ಬರುವುದಿಲ್ಲ. ಕುಂದಾ ಮೇಡಂ ಯಾರಿಗೂ ಬೈಯುವುದಿಲ್ಲ, ಯಾವುದಕ್ಕೂ ಇಲ್ಲ ಅನ್ನುವುದಿಲ್ಲ ಎಂದು ಹೆಸರಾಯಿತು.

ಒಮ್ಮೆ ಅವಳೇ ಗಂಡನಿಗೆ, ಆ ಆಸ್ಪತ್ರೆಯದ್ದನ್ನೇ ತಂದುಬಿಡೋಣವೇ ಎಂದು ಕೇಳಿದಳು. ಇಷ್ಟು ದಿವಸ ಕಾದು ಈಗ ಹಳೆಯದನ್ನು ಕೊಂಡರೆ ಮುಂದಿನ ತಿಂಗಳೇ ಕೈ ಕೈ ಹಿಸುಕಿಕೊಳ್ಳಬೇಕಾಗುತ್ತದೆ ಎಂದ ಅವನು. ಅವಳು ಸುಮ್ಮನಾದಳು. ಸುಮ್ಮನಾಗುವುದು ಅವಳಿಗೂ ಬೇಕಾಗಿತ್ತು.

ಎರಡನೆಯ ಪಿಯುಸಿಯಲ್ಲಿ ಪೂನಮ ಎಂಬ ಹುಡುಗಿ ಇದ್ದಳು. ಖಾನಾಪುರಕ್ಕೆ ಹತ್ತಿರದ ಹಳ್ಳಿಯವಳು. ಅವರ ಮನೆಯಲ್ಲಿ ಹಿಂದಿನಿಂದ ಕುರಿ ಕಾಯುತ್ತಿದ್ದರು, ಕಾಕಾ ಲಕ್ಷ್ಮಣ ಈಗಲೂ ಹಿಂಡು ಇಟ್ಟುಕೊಂಡಿದ್ದ. ತಂದೆ ಬೀರಣ್ಣ ಮಾತ್ರ ಹೆಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದ್ದ. ಸಣ್ಣವಳಿದ್ದಾಗ ಹಿಂಡಿನ ಜೊತೆ ತಿರುಗಿದ್ದರಿಂದ ಪೂನಮ ಸಾಲಿಗೆ ತಡವಾಗಿ ಸೇರಿದ್ದಳು, ಕ್ಲಾಸಿನ ಉಳಿದವರಿಗಿಂತ ದೊಡ್ಡವಳು, ಹದಿನೆಂಟು ತುಂಬಿತ್ತು. ರಸಾಯನಶಾಸ್ತ್ರ ಎಂದರೆ ಅವಳಿಗೆ ಜೀವ. ಪ್ರಯೋಗದ ತಾಸಿನಲ್ಲಿ ನಳಿಕೆಯ ಬಣ್ಣ ಬದಲಾದಾಗ ಅವಳ ಮುಖ ನೋಡಲೆಂದೇ ಕುಂದಾ ಅವಳ ಬಾಜು ಹೋಗಿ ನಿಲ್ಲುತ್ತಿದ್ದಳು. ಮಾತಾಡದೆಯೇ ತಿಳಿಯುವ ಹುಡುಗಿ ಅದು. ಕುಂದಾಗೆ ಈಗ ಅಂಥವರೇ ಬೇಕಾಗಿದ್ದರು.

ಜನವರಿಯಲ್ಲಿ ಕಾಲೇಜಿನ ವಾರ್ಷಿಕ ಗ್ಯಾದರಿಂಗ್ ಹತ್ತಿರ ಬಂದಿತ್ತು. ಹುಡುಗರು ವರಾಂಡದ ತುದಿಯಲ್ಲಿ ಲೇಜಿಮ್ ಆಡುತ್ತ ಹಲಗೆ ಬಾರಿಸುತ್ತಿದ್ದರು. ಕುಂದಾ ಪ್ರಯೋಗಶಾಲೆಯ ಬೀಗ ಹಾಕಿ ಹೊರಟಾಗ ಪೂನಮ ಬಂದು ಎದುರಿಗೆ ನಿಂತಳು. ತಲೆ ತಗ್ಗಿಸಿಕೊಂಡು, ವೇಣಿಯ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಬಹಳ ಹೊತ್ತು ಏನೋ ಹೇಳಿದಳು. ತಲೆ ತಗ್ಗಿಸಿದ್ದರಿಂದ ತುಟಿ ಕಾಣಲಿಲ್ಲ. ಹಲಗೆಯ ಸಪ್ಪಳದ ನಡುವೆ ಕುಂದಾಗೆ ಸಿಕ್ಕದ್ದು 'ಗೋವಾ', 'ಅತ್ತಿ', 'ಅಪ್ಪ'. ಅತ್ತೆಯ ಊರಿಗೆ ಹೋಗಲು ರಜೆ ಕೇಳುತ್ತಿದ್ದಾಳೆ ಎಂದುಕೊಂಡಳು.

"ಛಲೋ ಆತವ್ವ," ಎಂದು ನಕ್ಕಳು. "ಹೋಗಿ ಬಾ."

ಪೂನಮ ತಲೆ ಎತ್ತಿ ನೋಡಿದಳು. ನಿಂತೇ ಇದ್ದಳು. ಮತ್ತೆ ಏನೋ ಅಂದಳು. ಕುಂದಾ ಮತ್ತೆ ತಲೆಯಾಡಿಸಿ ಅವಳ ಭುಜ ತಟ್ಟಿದಳು. ಬಸ್ಸಿನ ಹೊತ್ತಾಗಿತ್ತು.

ಹುಡುಗಿ ಆಮೇಲೆ ಕಾಲೇಜಿಗೆ ಬರಲಿಲ್ಲ. ಗೋವಾದಲ್ಲಿ ಇನ್ನೆರಡು ದಿನ ಹೆಚ್ಚು ಉಳಿದಿರಬೇಕು ಎಂದು ಕುಂದಾ ತಲೆಗೆ ಹಚ್ಚಿಕೊಳ್ಳಲಿಲ್ಲ. ಪ್ರಾಯೋಗಿಕ ಪರೀಕ್ಷೆಯ ದಿನವೂ ಅವಳ ಜಾಗ ಖಾಲಿ ಇದ್ದಾಗ ಬಾಜುವಿನವಳನ್ನು ಕೇಳಿದಳು. ಅವಳು ಹೇಳಿದ್ದು ತಿಳಿಯಲಿಲ್ಲ. ಗಂಡುಹುಡುಗನೊಬ್ಬ ಎದ್ದು ಜೋರಾಗಿ, ಗೋವಾದಾಗ ಕೆಲಸಕ್ಕ ಸೇರ್ಯಾಳ್ರಿ ಮೇಡಂ, ಸಾಲಿ ಬಿಟ್ಟಾಳ ಎಂದ.

ಆ ಭಾನುವಾರ ಕುಂದಾ ಅವರ ಮನೆ ಹುಡುಕಿಕೊಂಡು ಹೋದಳು. ಬೀರಣ್ಣ ಮನೆಯಲ್ಲೇ ಇದ್ದ. "ಬರ್ರಿ ಬಾಯಾರ, ಕುಂದರ್ರಿ" ಎಂದು, ಮಗಳ ಟೀಚರಿಗೆ ಕಟ್ಟೆಯ ಮೇಲೆ ಕಂಬಳಿ ಹಾಸಿದ. ಅವನ ಹೆಂಡತಿ ಪದ್ಮವ್ವ ಒಳಗಿನಿಂದ ಮಜ್ಜಿಗೆ ತಂದಳು. ಕುರಿ ಕೂಗಿ ಬೆಳೆದ ಗಂಡಸು ಬೀರಣ್ಣ, ದೊಡ್ಡ ದನಿ. ಅವನಾಡಿದ ಒಂದು ಅಕ್ಷರವೂ ಕುಂದಾಳ ಕಿವಿ ತಪ್ಪಲಿಲ್ಲ.

ಅವನ ಅಕ್ಕ ರೇಣವ್ವ ಗೋವಾದಲ್ಲಿ ಇದ್ದಳು. ಅಲ್ಲಿ ಗುಳಿಗೆ ಪ್ಯಾಕ್ ಮಾಡುವ ಕಂಪನಿಯೊಂದರಲ್ಲಿ ಹುಡುಗಿಯರನ್ನು ತೆಗೆದುಕೊಳ್ಳುತ್ತಿದ್ದಾರೆ, ಈಗ ಬಂದರೆ ಜಾಗ ಸಿಗುತ್ತದೆ, ಪೂನಮಳನ್ನು ಕಳಿಸು ಎಂದು ಹೇಳಿ ಕಳಿಸಿದ್ದಳು. ಬೀರಣ್ಣನ ಮನಸ್ಸು ಆ ಕಡೆಗೂ ಇತ್ತು, ಈ ಕಡೆಗೂ ಇತ್ತು. ಹುಡುಗಿ ಮಾತ್ರ ಓದುತ್ತೇನೆ ಎನ್ನುತ್ತಿದ್ದಳು.

"ನಾ ಓದಿದಾಂವ ಅಲ್ರಿ ಬಾಯಾರ," ಎಂದ ಬೀರಣ್ಣ. "ಓದಿಸಿದ್ರ ಮುಂದ ಏನಾಗತೈತಿ ನನಗ ತಿಳಿಯೂದಿಲ್ಲ. ಅದಕ್ಕ ನಿಮ್ಮ ಬಾಯಾರ್ನ ಕೇಳ್ಕೊಂಡ ಬಾ ಅಂದ್ನಿ. ಅವರು ಬ್ಯಾಡ ಅಂದ್ರ ನಿಮ್ಮ ಅತ್ತಿಗೆ ಬ್ಯಾಡ ಅಂತೀನಿ, ಪರೀಕ್ಷೆ ಬರಿ ಅಂದ್ನಿ."

ಕುಂದಾ ಮಜ್ಜಿಗೆಯ ಲೋಟವನ್ನು ಕೆಳಗಿಟ್ಟಳು. "ಬಂದು ಏನಂದ್ಲು?"

"ಛಲೋ ಆತು, ಹೋಗಿ ಬಾ ಅಂದ್ರು ಅಂತ ಹೇಳಿದ್ಲು. ನೀವ ಹೇಳಿದ ಮ್ಯಾಲೆ ನಾವು ಮತ್ತ ಇಚಾರ ಮಾಡಲಿಲ್ರಿ."

ಆ ಸಂಜೆ ಹುಡುಗಿ ಉಣ್ಣದೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು, ಮನೆ ಬಿಟ್ಟು ಹೋಗುವ ದುಃಖ ಇರಬೇಕೆಂದು ನಾನು ತಿಳಿದಿದ್ದೆ ಎಂದು ಪದ್ಮವ್ವ ಹೇಳಿದ್ದನ್ನು ಬೀರಣ್ಣನೇ ತಿರುಗಿ ಜೋರಾಗಿ ಹೇಳಬೇಕಾಯಿತು. ಅವನ ಮಾತಿನಲ್ಲಿ ದೂರು ಇರಲಿಲ್ಲ. ಇಷ್ಟು ದೂರ ನಮ್ಮ ಮಗಳನ್ನು ಕೇಳಿಕೊಂಡು ಬಂದಿರಲ್ಲ, ಇನ್ಯಾವ ಬಾಯಾರು ಬರುತ್ತಾರೆ ಎಂದು ಕೈ ಮುಗಿದ. ಅವನು ಬೈದಿದ್ದರೆ ತಡೆದುಕೊಳ್ಳಬಹುದಿತ್ತು ಎನಿಸಿತು ಕುಂದಾಗೆ. ನನಗೆ ಅವತ್ತು ಕೇಳಿಸಲಿಲ್ಲ ಎನ್ನುವ ಮಾತನ್ನು ಅವಳು ಹೇಳಲಿಲ್ಲ. ಅದರ ಬದಲು, ಬರೆಯುವ ಪರೀಕ್ಷೆ ಇನ್ನೂ ಮುಂದಿದೆ, ಈಗಲಾದರೂ ಕರೆಸಿರಿ, ಪ್ರಯೋಗದ ಪರೀಕ್ಷೆಗೆ ನಾನು ಪ್ರಿನ್ಸಿಪಾಲರ ಕಾಲು ಹಿಡಿಯುತ್ತೇನೆ ಎಂದಳು.

ಬೀರಣ್ಣ ಕೂಡಲೇ ಫೋನು ಹಚ್ಚಿದ. ರೇಣವ್ವನ ಜೊತೆ, ಆಮೇಲೆ ಮಗಳ ಜೊತೆ ಮಾತಾಡಿದ. ಹೊಸದಾಗಿ ಸೇರಿದವರಿಗೆ ರಜೆ ಇಲ್ಲ, ಬಿಟ್ಟು ಬಂದರೆ ಜಾಗ ಹೋಗುತ್ತದೆ. ಹುಡುಗಿಯೂ ಬರುವುದಿಲ್ಲ ಎನ್ನುತ್ತಾಳೆ. ನೀವೇ ಒಂದು ಮಾತು ಹೇಳಿರಿ ಎಂದು ಪದ್ಮವ್ವ ಫೋನನ್ನು ಕುಂದಾಳ ಕೈಗೆ ಕೊಟ್ಟಳು. ಕುಂದಾ ಅದನ್ನು ಕಿವಿಗೆ ಒತ್ತಿ ಹಿಡಿದಳು. ಆ ಕಡೆ ಪೂನಮ ಏನೋ ಹೇಳುತ್ತಿದ್ದಳು. ಗಾಳಿಗೆ ಒಣ ಎಲೆ ಸರಿದ ಹಾಗೆ ಸಪ್ಪಳ ಬಂತು, ಮಾತು ಬರಲಿಲ್ಲ. ಕೇಳವಲ್ದು ಎಂದು ಫೋನು ತಿರುಗಿ ಕೊಟ್ಟಳು. ಇಲ್ಲೆ ನೆಟ್‌ವರ್ಕ್ ಬರೂದಿಲ್ರಿ ಎಂದು ಬೀರಣ್ಣ ತಾನೇ ಸಮಾಧಾನ ಹೇಳಿದ.

ಮನೆಗೆ ಬಂದಾಗ ಮಾರ್ತಾಂಡ ಸೋಫಾದಲ್ಲಿ ಕೂತು ವಿಡಿಯೋ ನೋಡುತ್ತಿದ್ದ. ಕುಂದಾ ಎದುರಿಗೆ ನಿಂತು ಆದದ್ದನ್ನೆಲ್ಲ ಹೇಳಿದಳು. ಅವನು ಫೋನನ್ನು ಮಗುಚಿಟ್ಟು ಕೇಳಿದ. ಮುಖ ಸಣ್ಣದಾಯಿತು. ಮುಂದಿನ ವರ್ಷ ಬರೆಯಬಹುದಲ್ಲ ಹುಡುಗಿ, ವಯಸ್ಸೇನು ಹೋಗಿಲ್ಲ ಎಂದ. ಅವನಿಗೆ ಸುಮ್ಮನಿರಲಾಗಲಿಲ್ಲ. ನಾನು ನಿನ್ನ ಸಲುವಾಗೇ ಕಾದೆ, ನನ್ನ ಸಲುವಾಗಿ ಅಲ್ಲ ಎಂದ. ಈ ಸಲ ಮಾತ್ರ ಖರೇನೇ ಬರುತ್ತದೆ, ಪರವಾನಗಿಯೂ ಸಿಕ್ಕಿದೆಯಂತೆ ಎಂದ.

"ಮುಂದಿನ ವರ್ಷ ಏನು ಬರತೈತಿ ಅಂತ ನಿಮಗ ಎಲ್ಲಾ ಗೊತ್ತಿತ್ತು," ಎಂದಳು ಕುಂದಾ. "ನನಗ ಈ ವರ್ಷ ಏನೇನು ಕೇಳಾಕತ್ತಿಲ್ಲ ಅಂತ ಒಂದಿವಸಾದ್ರೂ ಕೇಳಿದ್ರ್ಯಾ?"

ಅವನು ಕೇಳಿರಲಿಲ್ಲ. ಅವಳೂ ಹೇಳಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಮರುದಿನ ಕುಂದಾ ರಜೆ ಹಾಕಿ ಒಬ್ಬಳೇ ಆಸ್ಪತ್ರೆಗೆ ಹೋದಳು. ಅದೇ ಗಾಜಿನ ಕೋಣೆ, ಅದೇ ಹೆಣ್ಣುಮಗಳು. ಈ ಸಲ ಸಪ್ಪಳದ ಜೊತೆ ಶಬ್ದಗಳನ್ನೂ ಹೇಳಿ, ತಿರುಗಿ ಹೇಳಿರಿ ಎಂದಳು. 'ಹಸು' ಎಂದದ್ದು ಕುಂದಾಗೆ 'ಹಗ್ಗ'ವಾಯಿತು, 'ಶೀಶೆ' ಏನೂ ಆಗಲಿಲ್ಲ. ಅರ್ಧಕ್ಕೂ ಹೆಚ್ಚು ತಪ್ಪಿದವು. ಆಕೆ ಹಿಂದಿನ ಪರೀಕ್ಷೆಯ ಜೊತೆ ಇದನ್ನು ಹೋಲಿಸಿ ನೋಡಿದಳು. ಆಗಲೇ ಬಂದಿದ್ದರೆ ಎಂದು ಶುರು ಮಾಡಿ, ಕುಂದಾಳ ಮುಖ ನೋಡಿ ಮಾತು ನಿಲ್ಲಿಸಿದಳು. ದಿನಾ ಹಾಕಿಕೊಂಡರೆ ಸ್ವಲ್ಪ ಸುಧಾರಿಸಬಹುದು, ಪೂರ್ತಿ ಬರುತ್ತದೆ ಎಂದು ನಾನು ಹೇಳುವುದಿಲ್ಲ ಎಂದಳು.

ಯಂತ್ರ ಹಾಕಿಕೊಂಡು ಹೊರಬಿದ್ದಾಗ ಬೆಳಗಾವಿ ಮೈಮೇಲೆ ಬಿದ್ದ ಹಾಗಾಯಿತು. ಆಟೋ, ಚಪ್ಪಲಿ, ಯಾರದೋ ಕೈಯ ಪ್ಲಾಸ್ಟಿಕ್ ಚೀಲ, ಎಲ್ಲವೂ ಒಂದೇ ಸಮ ಚೀರುತ್ತಿದ್ದವು. ಕ್ಲಾಸಿನಲ್ಲಿ ಬೆಂಚು ಎಳೆಯುವ ಸಪ್ಪಳ ತಲೆಗೆ ಬಡಿಯುತ್ತಿತ್ತು. ಹುಡುಗಿಯರ ದನಿ ಈಗ ದೊಡ್ಡದಾಗಿಯೇ ಬರುತ್ತಿತ್ತು, ಆದರೆ ಒಡೆದ ಬಳೆಯ ಚೂರಿನ ಹಾಗೆ. ಜೋಡಿಸಿ ಮಾತು ಮಾಡಿಕೊಳ್ಳುವುದರೊಳಗೆ ಅವರು ಮುಂದಿನ ಮಾತಿಗೆ ಹೋಗಿರುತ್ತಿದ್ದರು. ಕಿವಿಯ ಹಿಂದಿನ ಹುಣಸೆಬೀಜವನ್ನು ಯಾರೂ ನೋಡಲಿಲ್ಲ. ಒಬ್ಬರೂ ನಗಲಿಲ್ಲ, ಒಬ್ಬರಿಗೂ ಅಚ್ಚರಿಯಾಗಲಿಲ್ಲ. ಕುಂದಾಗೆ ಅದೇ ವಿಚಿತ್ರವೆನಿಸಿತು.

ಆ ವರ್ಷದ ಸಪ್ಟೆಂಬರಿನಲ್ಲಿ ಮಾರ್ತಾಂಡ ಕಾದಿದ್ದು ಕೊನೆಗೂ ಬಂತು. ಅವನು ಹೇಳಿದ್ದೆಲ್ಲ ಅದರಲ್ಲಿ ಇತ್ತು. ಮೊದಲ ದಿನವೇ ತಂದು ಅವಳ ಮುಂದೆ ಇಟ್ಟ. ಅವಳು ಕಿವಿಗೆ ಹಾಕಿಕೊಂಡು, ಫೋನು ಹೇಳಿದ ಹಾಗೆ ಪರೀಕ್ಷೆ ಮಾಡಿಕೊಂಡಳು. ಸ್ವಲ್ಪ ಮಟ್ಟಿಗೆ ಕಿವಿ ಮಂದವಾದವರಿಗೆ ಮಾತ್ರ ಇದು, ನಿಮ್ಮದು ಅದನ್ನು ದಾಟಿದೆ, ವೈದ್ಯರನ್ನು ಕಾಣಿರಿ ಎಂದು ಫೋನಿನ ಮೇಲೆ ಬಂತು. ಕುಂದಾ ಅದನ್ನು ಗಂಡನ ಕಡೆ ತಿರುಗಿಸಿ ಹಿಡಿದಳು. ಅವನು ಓದಿದ. ಈಗ ಬೆಳಗಿನ ವಿಡಿಯೋ ಕೇಳಲು ಆ ಬಿಳಿಯವನ್ನು ಅವನೇ ಹಾಕಿಕೊಳ್ಳುತ್ತಾನೆ. ಕಚೇರಿಯವರು ಈಗಲೂ ಅವನನ್ನು ಕೇಳುತ್ತಾರೆ, ಅವನು ಈಗಲೂ ಹೇಳುತ್ತಾನೆ. ಮನೆಯಲ್ಲಿ ಮಾತ್ರ ಹೇಳುವುದಿಲ್ಲ.

ದೀಪಾವಳಿಗೆ ಪೂನಮ ಊರಿಗೆ ಬಂದಿದ್ದಾಳೆ ಎಂದು ತಿಳಿದು ಕುಂದಾ ಹೋದಳು. ಹುಡುಗಿ ತೆಳ್ಳಗಾಗಿದ್ದಳು, ಕೂದಲು ಕತ್ತರಿಸಿಕೊಂಡಿದ್ದಳು. ಗೌರವದಿಂದ ಬಂದು ಎದುರಿಗೆ ಕೂತು, ಮುಖಕ್ಕೆ ಮುಖ ಕೊಟ್ಟು, ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ಜೋರಾಗಿ ಆಡಿದಳು. ಕುಂದಾಗೆ ಬಹಳಷ್ಟು ತಿಳಿಯಿತು.

"ಅವತ್ತ ನನಗ ಕೇಳಿರಲಿಲ್ಲ ಪೂನಮ," ಎಂದಳು. "ನೀ ಏನು ಕೇಳಾಕತ್ತಿದ್ದಿ ಅನ್ನೂದ ನನಗ ತಿಳೀಲಿಲ್ಲ."

"ಗೊತ್ತೈತ್ರಿ ಮೇಡಂ," ಎಂದಳು ಪೂನಮ. "ನಿಮಗ ಕೇಳೂದಿಲ್ಲ ಅಂತ ಇಡೀ ಕ್ಲಾಸಿಗೆ ಗೊತ್ತಿತ್ತು. ನಿಮಗ ಬ್ಯಾಸರಾಗತೈತಿ ಅಂತ ಯಾರೂ ಅಂತಿರಲಿಲ್ಲ."

ಕುಂದಾ ಅವಳನ್ನೇ ನೋಡಿದಳು. "ಗೊತ್ತಿದ್ದೂ ಅಪ್ಪಗ ಯಾಕ ಹಂಗ ಹೇಳಿದಿ?"

"ಎರಡನೇ ಸಲಾನೂ ಹೇಳಿದ್ನಿರಿ. ನೀವು ಮತ್ತ ಹೂಂ ಅಂದ್ರಿ. ಏನಂದಿ ಅಂತ ಒಮ್ಮೆ ಕೇಳ್ತೀರಿ ಅಂತ ನಿಂತಿದ್ನಿ. ಕೇಳಲಿಲ್ಲ. ಅಪ್ಪ ನೀವು ಏನಂದ್ರಿ ಅಂತ ಕೇಳಿದ. ನೀವು ಅಂದದ್ದನ್ನ ಹೇಳಿದ್ನಿ. ಸುಳ್ಳು ಹೇಳಬೇಕಿತ್ತು ಅಂತ ಆಮ್ಯಾಲೆ ಅನಿಸ್ತು."

ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ. ಮುಗಿದುಹೋದದ್ದನ್ನು ಹೇಳುವಾಗಿನ ಸಪ್ಪೆತನ ಇತ್ತು. ಕುಂದಾ ಪರೀಕ್ಷೆಯ ಮಾತು ತೆಗೆದಳು. ಖಾಸಗಿಯಾಗಿ ಕಟ್ಟಬಹುದು, ರಜೆಯಲ್ಲಿ ಬಂದರೆ ನಾನೇ ಕಲಿಸುತ್ತೇನೆ, ಇಲ್ಲದಿದ್ದರೆ ಗೋವಾಕ್ಕೇ ಬರುತ್ತೇನೆ ಎಂದಳು. ಪೂನಮ ತಲೆಯಾಡಿಸಿದಳು. ನಕ್ಕು, ಹೂಂ, ಛಲೋ ಆತ್ರಿ ಎಂದಳು. ಒಳಗೆ ಅವಳ ಪಗಾರದಿಂದ ತಂದ ಫ್ರಿಜ್ಜನ್ನು ಪದ್ಮವ್ವ ಮೇಡಂಗೆ ತೋರಿಸಬೇಕೆಂದು ಕರೆಯುತ್ತಿದ್ದಳು.

ಪೂನಮ ಪರೀಕ್ಷೆ ಕಟ್ಟಲಿಲ್ಲ. ಕುಂದಾ ಕಳಿಸಿದ ಪುಸ್ತಕಗಳು ಮುಟ್ಟಿದವೆಂದು ಬೀರಣ್ಣ ಹೇಳಿದ, ಅಷ್ಟೇ. ಈಗ ಕುಂದಾ ಪ್ರತಿ ಕ್ಲಾಸಿಗೂ ಮೊದಲ ದಿನವೇ ಹೇಳಿಬಿಡುತ್ತಾಳೆ, ನನಗೆ ಕಿವಿ ಕೇಳುವುದಿಲ್ಲ, ಮುಂದೆ ಬಂದು ಜೋರಾಗಿ ಕೇಳಿರಿ, ತಿಳಿಯದಿದ್ದರೆ ಎಷ್ಟು ಸಲವಾದರೂ ಕೇಳುತ್ತೇನೆ ಎಂದು. ಹುಡುಗಿಯರು ಹೂಂ ಎನ್ನುತ್ತಾರೆ. ಒಂದೆರಡು ಸಲ ಬಂದು ಕೇಳುತ್ತಾರೆ. ಮೂರನೆಯ ಸಲಕ್ಕೆ, ಇರಲಿ ಬಿಡ್ರಿ ಮೇಡಂ ಎಂದು ಕೈಸನ್ನೆ ಮಾಡಿ, ಬೇರೆ ಮೇಷ್ಟ್ರನ್ನು ಕೇಳಲು ಹೋಗುತ್ತಾರೆ.